ತುಂಡಾಗದ ತಂತಿ

ಮದುವೆಯ ಚಪ್ಪರದಲ್ಲಿ ಆಂಪ್ಲಿಫೈಯರಿನ ಇನ್ನೊಂದು ಫ್ಯೂಸೂ ಸುಟ್ಟುಹೋಯಿತು.

"ಹೇಡಿಗಳ ವಂಶ ನಿಮ್ಮದು," ಎಂದು ಆಂಪ್ಲಿಫೈಯರ್ ಹಂಗಿಸಿತು.

"ಅಕ್ಕಾ, ಸ್ಪೀಕರಿನ ವೈರುಗಳು ಒಂದಕ್ಕೊಂದು ತಾಗುತ್ತಿವೆ. ಯಾರಾದರೂ ಮೊದಲು ಅದನ್ನು ಸರಿಪಡಿಸಲಿ. ನಾವು ಸಾಯುವುದು ನಿನ್ನನ್ನು ಉಳಿಸಲು," ಎಂದಿತು ಫ್ಯೂಸು, ಕೊನೆಯುಸಿರಿನಲ್ಲಿ.

ಮೈಕ್ ಸೆಟ್ಟಿನ ಈರಭದ್ರ ಸ್ಪೀಕರಿನ ಕಡೆ ನೋಡಲೇ ಇಲ್ಲ. "ದರಿದ್ರ ಫ್ಯೂಸು!" ಎಂದು ಅದನ್ನು ಕಿತ್ತೆಸೆದು, ಆ ಜಾಗಕ್ಕೆ ದಪ್ಪ ತಾಮ್ರದ ತಂತಿ ಬಿಗಿದ.

"ನಾನು ಎಂದೂ ತುಂಡಾಗುವವನಲ್ಲ," ಎಂದಿತು ತಂತಿ.

"ಕೊನೆಗೂ ಒಬ್ಬ ಗಂಡು ಸಿಕ್ಕ!" ಎಂದು ಆಂಪ್ಲಿಫೈಯರ್ ಹಿಗ್ಗಿತು.

ತಾಳಿ ಕಟ್ಟುವ ಮೊದಲೇ ಅದರ ಹೊಟ್ಟೆಯಿಂದ ಹೊಗೆ ಎದ್ದಿತು. "ಬಿಡೋ, ತುಂಡಾಗೋ!" ಎಂದು ಅಂಗಲಾಚಿತು.

"ಮಾತು ಕೊಟ್ಟಿದ್ದೇನೆ," ಎಂದಿತು ತಂತಿ.

ಆಂಪ್ಲಿಫೈಯರ್ ಸುಟ್ಟು ಕರಕಲಾಯಿತು. ಈರಭದ್ರ ತಂತಿಯನ್ನು ಜತನದಿಂದ ಒರೆಸಿ, "ಇದೊಂದೇ ಗಟ್ಟಿ ಮಾಲು," ಎಂದು ಹೊಸ ಆಂಪ್ಲಿಫೈಯರಿಗೆ ಬಿಗಿದ.