ಬಿಳಿಗಲ್ಲೂರಿನ ದಿವಾನ್ ಬಂಡೆ

ಬಿಳಿಗಲ್ಲೂರಿನ ದೊಡ್ಡಹಳ್ಳಕ್ಕೆ ಮೂರು ಕಮಾನಿನ ಹಳೆಯ ಕಲ್ಲುಸೇತುವೆಯಿದೆ. ಅದರ ಈಚೆ ದಡದಲ್ಲಿರುವ ಆಳೆತ್ತರದ ಬಂಡೆಯನ್ನು ಊರವರು ದಿವಾನ್ ಬಂಡೆ ಎನ್ನುತ್ತಾರೆ. ಮೈಸೂರಿನ ದಿವಾನರು ಇಲ್ಲಿ ಕುಳಿತು ದಣಿವಾರಿಸಿಕೊಂಡರೇನೋ ಎಂದು ಹೊಸಬರು ಊಹಿಸುವುದುಂಟು. ದಿವಾನರು ಇತ್ತ ತಲೆಹಾಕಿಯೂ ಮಲಗಿದವರಲ್ಲ. ಹೆಸರು ಬಂದದ್ದು ಇದೇ ಊರಿನ ಚನ್ನಬೈರೇಗೌಡರ ದೆಸೆಯಿಂದ.

ಹಿಂದೆ ಒಮ್ಮೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದ ಹೊಸತರಲ್ಲಿ, ಗೌಡರು ತಾಲ್ಲೂಕಿನ ಪ್ರತಿನಿಧಿಯಾದರು. ಆಗ ಹಳ್ಳಕ್ಕೆ ಸೇತುವೆಯಿರಲಿಲ್ಲ. ಆ ಮಳೆಗಾಲ ಆಚೆ ದಡದ ಬಸುರಿಯೊಬ್ಬಳಿಗೆ ಹೆರಿಗೆ ಕಷ್ಟವಾದಾಗ ಸೂಲಗಿತ್ತಿ ಹೊನ್ನವ್ವ ಪ್ರವಾಹದ ಈಚೆಗೇ ನಿಲ್ಲಬೇಕಾಯಿತು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಸೇತುವೆ ಕೇಳಿಯೇ ಬರುತ್ತೇನೆಂದು ಗೌಡರು ಜರಿಪೇಟ ಸುತ್ತಿ ದಸರೆಯ ಸಭೆಗೆ ಹೊರಟರು. ಅಲ್ಲಿ ಒಂದೊಂದೇ ತಾಲ್ಲೂಕನ್ನು ಕೂಗುತ್ತಿದ್ದರು. ಇವರ ಸರದಿ ಬಂದಾಗ ದಿವಾನರು, "ನಿಮ್ಮ ಕಡೆ ಎಲ್ಲ ಕ್ಷೇಮವೇ?" ಎಂದರು. ನಮ್ಮ ಸೀಮೆಯಲ್ಲಿ ದೊಡ್ಡವರು ಹಾಗೆ ಕೇಳಿದರೆ, ಮನೆ ಹೊತ್ತಿ ಉರಿಯುತ್ತಿದ್ದರೂ ಮೊದಲು ಕ್ಷೇಮವೆನ್ನಬೇಕು. ಎಲೆಅಡಿಕೆ ಹಾಕಿಕೊಂಡು ಆಮೇಲೆ ಕಷ್ಟ ಹೇಳಬೇಕು. ಗೌಡರು ಕೈಮುಗಿದು, "ತಮ್ಮ ದಯದಿಂದ ಎಲ್ಲ ಕ್ಷೇಮ, ಬುದ್ಧಿ" ಎಂದರು. "ಸಂತೋಷ" ಎಂದ ದಿವಾನರು ಮುಂದಿನ ತಾಲ್ಲೂಕನ್ನು ಕರೆದೇಬಿಟ್ಟರು. ಇನ್ನೊಂದು ಸರದಿಗೆ ಮರುವರ್ಷದ ದಸರೆಯೇ ಬರಬೇಕು.

ಊರಿಗೆ ಮರಳಿದ ಗೌಡರು ನಾಚಿಕೆಯಿಂದ ತಲೆಯೆತ್ತಲಿಲ್ಲ. ಹೊನ್ನವ್ವ ಬಿಡುವವಳೇ? "ನಿನ್ನ ಹೆರಿಗೆ ಮಾಡ್ದೋಳು ನಾನು. ಹುಟ್ದಾಗ ಊರೇ ಎದ್ದು ಕೂರಂಗೆ ಅರಚಿದ್ದೆ ಕಣಪ್ಪ. ಅಲ್ಲೋಗಿ ಬಾಯಿ ಯಾಕೆ ಕಟ್ಟೋಯ್ತು?" ಎಂದು ಗದರಿ, ಅವರನ್ನು ಈ ಬಂಡೆಯ ಮುಂದೆ ನಿಲ್ಲಿಸಿದಳು. ಬಂಡೆಯೇ ದಿವಾನರು, ಅದರ ಹಿಂದೆ ಒರಗಿ ಕೂತ ಅವಳದೇ ದಿವಾನರ ದನಿ. "ಎಲ್ಲ ಕ್ಷೇಮವೇ?" ಎಂದು ಅವಳು ಕೇಳುವುದು, ಗೌಡರು ಬಾಯಿ ತಪ್ಪಿ "ಕ್ಷೇಮ" ಎನ್ನುವುದು, ಅವಳು "ಮೊದ್ಲಿಂದ!" ಎನ್ನುವುದು. ವರ್ಷವಿಡೀ ಹೀಗೇ ನಡೆಯಿತು ಎನ್ನುತ್ತಾರೆ. ಅಷ್ಟು ದೊಡ್ಡ ಗೌಡರು ಸೂಲಗಿತ್ತಿಗೆ ಪಾಠ ಒಪ್ಪಿಸಿದ್ದನ್ನು ನೆನೆದರೆ ಅವರ ಮೇಲೆ ಇಂದಿಗೂ ಅಕ್ಕರೆ ಉಕ್ಕುತ್ತದೆ. ಮರುದಸರೆಗೆ ಅದೇ ಪ್ರಶ್ನೆ ಬಂತು. ಗೌಡರು ಕೈಮುಗಿದು, "ಕ್ಷೇಮವಿಲ್ಲ ಬುದ್ಧಿ. ಸೇತುವೆಯಿಲ್ದೆ ನಮ್ಮ ಹೆಣ್ಮಕ್ಕಳು ಸಾಯ್ತಾವ್ರೆ" ಎಂದರು. ದಿವಾನರು ಲೇಖನಿ ಕೈಗೆತ್ತಿಕೊಂಡರು.

ಸೇತುವೆ ಮುಗಿಯುವ ಹೊತ್ತಿಗೆ ಹೊನ್ನವ್ವನ ಕಣ್ಣು ಮಂಜಾಗಿತ್ತು. ಗೌಡರೇ ಕೈಹಿಡಿದು ಎಲ್ಲರಿಗಿಂತ ಮೊದಲು ಅವಳನ್ನು ದಾಟಿಸಿದರು. ನಡುವಿನ ಕಮಾನಿನ ಮೇಲೆ ಅವಳು ನಿಂತು, ಕೆಳಗೆ ಮೊರೆಯುವ ನೀರನ್ನು ಆಲಿಸಿ, ಅದೇ ದಿವಾನರ ದನಿಯಲ್ಲಿ, "ಎಲ್ಲ ಕ್ಷೇಮವೇ?" ಎಂದಳಂತೆ. ಗೌಡರು, "ಈಗ ಕ್ಷೇಮ ಕಣವ್ವ" ಎಂದರು.

ಬಂಡೆಯ ಹಿಂಬದಿಯಲ್ಲಿ, ಕೂತವರ ಬೆನ್ನು ತಾಗುವಷ್ಟು ಎತ್ತರದಲ್ಲಿ, ನುಣುಪಾದ ಜಾಗವೊಂದು ಈಗಲೂ ಕಾಣುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವರು ಅಲ್ಲಿ ಅಂಗೈಯಿಟ್ಟು ಸೇತುವೆ ದಾಟುತ್ತಾರೆ.