ಮರೆ ಹುಡುಕಿದ ನರಿ

ಕೇಳಿ ಮಕ್ಕಳೇ, ಒಂದು ಬಯಲಿತ್ತು. ಎಂಥ ಬಯಲು ಅಂತೀರಿ! ದೇವರು ಜೋಳದ ರೊಟ್ಟಿ ಬಡಿದ ಹಾಗೆ ಬಡಿದು, ಉಬ್ಬಿಸೋದನ್ನು ಮರೆತು ಎದ್ದು ಹೋಗಿದ್ದ. ಗುಡ್ಡ ಅಂಬೋದಿಲ್ಲ, ಮರ ಅಂಬೋದಿಲ್ಲ. ಮೊಳದೆತ್ತರದ ಒಂದು ಕಲ್ಲಿತ್ತು, ಅದಕ್ಕೇ ಅಲ್ಲಿಯವರು 'ಬೆಟ್ಟ' ಅನ್ನೋರು. ಅದರ ಮೇಲೆ ಕೂತ ಓತಿಕ್ಯಾತನಿಗೆ ತಾನೇ ಬೆಟ್ಟದ ಒಡೆಯ ಅಂತ ಜಂಬ. ಬೆಳಿಗ್ಗೆ ನೆಂಟರು ಬರೋದು ಕಂಡರೆ ಮಧ್ಯಾಹ್ನ ಹಿಟ್ಟು ನಾದಿದರೂ ಸಾಕಾಗುತ್ತಿತ್ತು.

ಈ ಬಯಲಿಗೆ ಘಟ್ಟದ ಕಡೆಯ ನರಿಯೊಂದು ಬಂತು. ಬಂದದ್ದೇ ಮೂಗು ಮುರಿಯಿತು.

"ಎಂಥ ಊರು ಮಾರಾಯ್ರೆ ಇದು! ನಾಚಿಕೆಯಾದರೆ ಮುಖ ಮರೆಮಾಡಲಿಕ್ಕೂ ಒಂದು ಪೊದೆಯಿಲ್ಲ!"

"ನಾವು ನಾಚಿಕೆಗೇಡಿ ಕೆಲಸ ಮಾಡೂದಿಲ್ಲಪಾ," ಅಂದ ಚಿಗರಪ್ಪ. ಅವನು ಚಿಗರಿ ಜಿಂಕೆ, ಬಯಲಿಗೆಲ್ಲ ಜೋರು ಓಟಗಾರ.

"ಮತ್ತೆ ಊಟ ಹ್ಯಾಗೆ ಮಾಡ್ತೀರಿ? ನಾವಾದರೆ ಮರೆಯಿಲ್ಲದೆ ಒಂದು ತುತ್ತೂ ಎತ್ತೋದಿಲ್ಲ. ಕಂಡವರ ದೃಷ್ಟಿ ತಾಗಿದರೆ ಹೊಟ್ಟೆ ನುಲೀತದೆ."

ಹಾಗಂದ ನರಿಯ ಕಣ್ಣು ಮಾತ್ರ ಗೌಜವ್ವನ ಗೂಡಿನ ಮೇಲಿತ್ತು. ಪಾಪ, ಗೌಜಲ ಹಕ್ಕಿ ಅವಳು. ನೆಲದಲ್ಲಿಟ್ಟ ಐದು ಮೊಟ್ಟೆಯಲ್ಲಿ ನಾಲ್ಕು ಎತ್ತಿನ ಗೊರಸಿಗೆ ಸಿಕ್ಕಿ ಹೋಗಿದ್ದವು. ಉಳಿದದ್ದು ಒಂದೇ ಒಂದು. ಅವಳು ಗೆದ್ದಲು ಹೆಕ್ಕಲು ಆ ಕಡೆ ಹೋದಳೋ ಇಲ್ಲವೋ, ನರಿ ಮೊಟ್ಟೆ ಕಚ್ಚಿಕೊಂಡು ಓಡಿತು.

"ಅಯ್ಯೋ ನನ್ನ ಕೂಸು! ಬೆನ್ನು ಹತ್ತಿ ಹಿಡೀರೋ!"

ಚಿಗರಪ್ಪ ಕಾಲು ಮಡಚಿ ಕೂತುಬಿಟ್ಟ.

"ಯಾಕ ಓಡೂದು ಯಕ್ಕಾ? ಕಾಣ್ತಾನಲ್ಲ. ಬೆನ್ನು ಹತ್ತಿದರ ಹೆದರಿ ನುಂಗಿಬಿಡ್ತಾನ. ಮರೆಯಿಲ್ಲದೆ ತಿನ್ನೂದಿಲ್ಲ ಅಂತ ಅವನೇ ಹೇಳ್ಯಾನ. ಎಲ್ಲಾರೂ ಕೂತು ನೋಡೋಣು, ಬರ್ರಿ."

ಬಯಲಿನ ಪ್ರಾಣಿಗಳೆಲ್ಲ ಸಾಲಾಗಿ ಕೂತು ಕಣ್ಣು ಬಿಟ್ಟವು. ಅಲ್ಲಿ ಬೇರೆ ಏನು ನೋಡೋಕಿತ್ತು ಹೇಳಿ!

ನರಿ ಓಡಿತು. ತಿರುಗಿ ನೋಡಿದರೆ ಕಣ್ಣು. ಇನ್ನೂ ಓಡಿತು. ಮತ್ತೂ ಕಣ್ಣು. ಓತಿಕ್ಯಾತ ಬೇರೆ ಬೆಟ್ಟದ ಮೇಲಿಂದ 'ಕಂಡೆ, ಕಂಡೆ' ಅಂಬಂತೆ ತಲೆ ಆಡಿಸುತ್ತಿದ್ದ. ಒಂದು ಮುಳ್ಳುಕಂಟಿ ಸಿಕ್ಕಿತು. ನರಿ ತಲೆ ತೂರಿಸಿತು.

"ಬಾಲ ಕಾಣ್ತೈತಪ್ಪೋ!" ಗೌಜವ್ವ ಅಲ್ಲಿಂದಲೇ ಕೂಗಿದಳು.

ನಡುಹಗಲಾಯಿತು. ಬಾಯಲ್ಲಿ ಮೊಟ್ಟೆ, ನಾಲಿಗೆ ಚಾಚಿ ತೇಕೋಕೂ ಆಗದು. ಗಂಟಲು ಒಣಗಿ ಹಪ್ಪಳವಾಯಿತು. ಆಗ ಮೆಲುಕು ಹಾಕುತ್ತಾ ನಿಂತ ಮುದಿ ಎಮ್ಮೆ ಎದುರಾಯಿತು. ನರಿ ಮೊಟ್ಟೆಯನ್ನು ಅದರ ನೆರಳಲ್ಲಿಟ್ಟು ಕೇಳಿತು:

"ಅಜ್ಜಮ್ಮಾ, ನೀರು ಎಲ್ಲುಂಟು?"

"ಇಲ್ಲೇ ಐತಲ್ಲೋ ತಮ್ಮಾ, ಕೆರಿ. ಕಾಣ್ತದ ನೋಡು."

ಎಮ್ಮೆ ಸುಳ್ಳು ಹೇಳಲಿಲ್ಲ. ದೂರದಲ್ಲಿ ದಾರದೆಳೆಯಂಥ ನೀರು ಹೊಳೆಯುತ್ತಿತ್ತು. ಬಯಲಿನವರಿಗೆ ಕಣ್ಣಿಗೆ ಕಂಡದ್ದೆಲ್ಲ 'ಇಲ್ಲೇ'.

ಘಟ್ಟದಲ್ಲಿ 'ಇಲ್ಲೇ' ಅಂದರೆ ಮುಂದಿನ ತಿರುವು. ಮೊಟ್ಟೆ ಕಚ್ಚಿಕೊಂಡು ನೀರು ಕುಡಿಯೋಕಾಗುತ್ತದೆಯೇ? 'ನಾಲ್ಕು ನೆಗೆತ, ಕುಡಿದು ಬಂದು ತಗೊಂಡರಾಯಿತು' ಅಂತ ನರಿ ಬರಿಬಾಯಲ್ಲಿ ಓಡಿತು.

"ಈಗ ಏಳ್ರಿ," ಅಂದ ಚಿಗರಪ್ಪ. ಗೌಜವ್ವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಗಾಳಿಯಂತೆ ಹಾರಿ ಬಂದ. ಮೊಟ್ಟೆಗೆ ಕೂದಲೆಳೆಯ ಬಿರುಕೂ ಬಿದ್ದಿರಲಿಲ್ಲ. ಗೌಜವ್ವ ಅಳುತ್ತಾ ನಗುತ್ತಾ ಎಮ್ಮೆಯ ನೆರಳಲ್ಲೇ ಕಾವಿಗೆ ಕೂತಳು.

ಮೂರನೆಯ ದಿನ ಮೊಟ್ಟೆ ಒಡೆದು ಮರಿ ತಲೆ ಹೊರಹಾಕಿತು. ಅತ್ತ ನೋಡಿತು, ಇತ್ತ ನೋಡಿತು.

"ಅವ್ವಾ, ಅಲ್ಲಿ ಓಡಾಕತ್ತಾನಲ್ಲ, ಅವ ಯಾರು?"

"ನಿನ್ನ ಕದ್ದಾವ, ಕಂದಾ. ಕೆರಿ ಇಲ್ಲೇ ಐತಿ ಅಂದಾರ, ಹೊಂಟಾನ."

ನೀತಿ: ಒಂದು ಊರನ್ನು ಆಡಿಕೊಳ್ಳುವ ಮೊದಲು, ಆ ಊರಲ್ಲಿ 'ಇಲ್ಲೇ' ಅಂದರೆ ಎಷ್ಟು ದೂರ ಅಂತ ತಿಳಿದುಕೊಳ್ಳಬೇಕು.