ಕೊಳಗ ಬೋರಲು ಹಾಕಿದ ಗಾದ್ರಪ್ಪ

ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ, ಒಂದು ಊರು. ಊರಿಗೊಂದು ಕೆರೆ. ಆ ಊರಲ್ಲಿ ಗಾದ್ರಪ್ಪ ಅಂತ ಒಬ್ಬನಿದ್ದನಂತೆ. ಕಣದಲ್ಲಿ ರಾಗಿ ರಾಶಿ ಅಳೆಯೋದು ಅವನ ಕೆಲಸ. ಅಳೆಯೋ ಕೊಳಗ ಅವನ ಮನೆತನದ್ದು, ಬೇರೆ ಕೈ ಅದನ್ನು ಮುಟ್ಟುವಂತಿಲ್ಲ. ಮೊದಲ ಕೊಳಗಕ್ಕೆ ‘ಒಂದು’ ಅನ್ನಬಾರದು, ‘ಲಾಭ’ ಅನ್ನಬೇಕು. ಅವನು ಲಾಭ ಅನ್ನೋವರೆಗೆ ರಾಶಿಯಿಂದ ಯಾರೂ ಒಂದು ಕಾಳು ಎತ್ತುವಂತಿಲ್ಲ, ಅರಮನೆಯವರೂ ಅಷ್ಟೆ. ಆಳು ಕೊಳಗದಷ್ಟೇ ಎತ್ತರ ಅಂತ ಹೆಂಗಸರು ನಗುತ್ತಿದ್ದರಂತೆ. ಈಗಿನವರು ಕಥೆ ಹೇಳುವಾಗ ಅವನನ್ನು ತಾಳೆಮರ ಮಾಡಿಬಿಡ್ತಾರೆ, ಮಾಡಲಿ ಬಿಡಿ.

ಆ ಸೀಮೆಯ ಪಾಳೇಗಾರನಿಗೆ ಒಂದು ದುರಾಸೆ ಹುಟ್ಟಿತಂತೆ. ಕೆರೆಗೆ ನೀರು ತರೋ ಹಳ್ಳದ ಪಕ್ಕ ಒಂದು ದಿಣ್ಣೆ. ಅಲ್ಲಿ ದೊಡ್ಡ ರೊಪ್ಪ ಹಾಕಿ ಸಾವಿರ ದನ ಕೂಡೋದು, ಬಯಲಿಗೆ ಬಿಡದೆ ಕಟ್ಟಿದಲ್ಲೇ ಮೇವು ತಿನ್ನಿಸಿ ಕೊಬ್ಬಿಸೋದು, ಆಮೇಲೆ ದೂರದ ಸಂತೆಗೆ ಹೊಡೆಯೋದು. ಆಳುಗಳು ಬಂದು ಗೂಟ ಬಡಿದೇಬಿಟ್ಟರಂತೆ.

ದನ ಅಂದರೆ ನಮ್ಮ ಊರವರಿಗೆ ಹಗೆಯೇ? ಮನೆಮನೆಯಲ್ಲೂ ಇದ್ದವು. ಆದರೆ ಹತ್ತು ದನದ ಸಗಣಿ ಗೊಬ್ಬರ, ಒಂದೇ ಕಡೆ ಸಾವಿರ ದನದ ಸಗಣಿ ನಂಜು. ಒಂದು ಮಳೆ ಬಿದ್ದರೆ ಅದಷ್ಟೂ ಹಳ್ಳ ಹಿಡಿದು ಕೆರೆಗೆ ಬರುತ್ತೆ. ಆ ಕೆರೆಯ ನೀರನ್ನೇ ಊರು ಕುಡಿಯಬೇಕು. ಹಿರಿಯರು ಹೋಗಿ ಕೈಮುಗಿದರೆ ಪಾಳೇಗಾರ ನಕ್ಕನಂತೆ. ಸಗಣಿಯಲ್ಲಿ ಲಕ್ಷ್ಮಿ ಇದ್ದಾಳೆ, ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೀತೀರಾ ಅಂದನಂತೆ. ಅವನ ನಗು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತೆ.

ಅದು ರಾಗಿ ಬಡಿಯೋ ಕಾಲ. ಗಾದ್ರಪ್ಪ ಊರವರಿಗೆ, ಈ ಸಲ ಎಲ್ಲರ ಕಣವೂ ಒಂದೇ, ಅದೂ ಆ ದಿಣ್ಣೆ ಮೇಲೇ ಅಂದನಂತೆ. ಗೂಟಗಳ ನಡುವೆಯೇ ನೆಲ ಸಾರಿಸಿದರು. ಊರಿಗೆ ಊರೇ ತೆನೆ ಹೊತ್ತು ಬಂತು. ದನಕ್ಕೆ ಬೇಕಾದ ಹುಲ್ಲು ತಾನಾಗಿ ಬಂತಲ್ಲ ಅಂತ ಕಾವಲಿನವರು ಹಿಗ್ಗಿದರಂತೆ, ದಡ್ಡ ಮುಂಡೇವು! ಬಡಿದು, ತೂರಿ, ರಾಶಿ ಮಾಡಿದರು. ಹುಲ್ಲನ್ನೂ ರಾಶಿಯನ್ನೂ ಸೇರಿಸಿ ಗಾದ್ರಪ್ಪ ಸುತ್ತ ಬೂದಿ ಗೆರೆ ಎಳೆದ. ಈಗ ಅಳೆಯೋದಿಲ್ಲ ಅಂತ ಕೊಳಗ ಬೋರಲು ಹಾಕಿದ. ಅದರ ಪಕ್ಕ ಕೂತುಬಿಟ್ಟ.

ರಾಶಿ ಅಳೆಯದೆ ಬೂದಿ ಗೆರೆ ಅಳಿಸೋ ಹಾಗಿಲ್ಲ. ಗೆರೆ ಅಳಿಸದೆ ಹುಲ್ಲಿಲ್ಲ, ಅರಮನೆ ಪಾಲೂ ಇಲ್ಲ. ಸರಿ, ಊರಿಗಾದರೂ ರಾಗಿ ಎಲ್ಲಿಂದ ಬರಬೇಕು? ಕಣ್ಣೆದುರು ಬೆಟ್ಟದಂಥ ರಾಶಿ ಇಟ್ಟುಕೊಂಡು ಜನ ಸೊಪ್ಪು ಬೇಯಿಸಿ ತಿಂದರಂತೆ. ಹುಣಸೆಬೀಜ ಹುರಿದು ತಿಂದರಂತೆ. ಇಪ್ಪತ್ತೊಂದು ದಿನ ಅಂತಾರೆ, ನಲವತ್ತೆಂಟು ಅನ್ನುವವರೂ ಇದ್ದಾರೆ. ನಮ್ಮಜ್ಜಿ ಹನ್ನೊಂದು ಅನ್ನೋಳು, ಅವಳು ಸುಳ್ಳಾಡುವ ಪೈಕಿ ಅಲ್ಲ.

ಗಾದ್ರಪ್ಪನ ಮಗಳು ಆಗತಾನೆ ಹೆತ್ತು ಮಲಗಿದ್ದಳು. ಹಾಲು ಇಳಿಯದೆ ಕೂಸು ಅಳುತ್ತಿತ್ತಂತೆ. ಅಂಬಲಿಗೆ ಒಂದು ಹಿಡಿ ರಾಗಿ ಕೊಡಪ್ಪ ಅಂತ ಹೇಳಿಕಳಿಸಿದಳು. ಗಾದ್ರಪ್ಪ ರಾಶಿ ನೋಡಿದ, ಮನೆ ಕಡೆ ನೋಡಿದ, ಕೊಡಲಿಲ್ಲ. ಕೊಡದೆ ಕೂತು ಅತ್ತನಂತೆ. ಅದನ್ನು ಕಂಡ ಮೇಲೆ ಊರಲ್ಲಿ ಹಸಿವು ಅನ್ನೋ ಮಾತನ್ನು ಯಾರೂ ಎತ್ತಲಿಲ್ಲ. ಮಗಳ ಮನೆಗೆ ಆಡಿನ ಹಾಲು ತಂದುಕೊಟ್ಟವರು ಎಷ್ಟೋ ಜನ.

ಅತ್ತ ರೊಪ್ಪಕ್ಕೆ ಅಂತ ತಂದು ಗುಡ್ಡದಾಚೆ ನಿಲ್ಲಿಸಿದ್ದ ಸಾವಿರ ದನ ಮೇವಿಲ್ಲದೆ ಕೂಗುತ್ತಿದ್ದವಂತೆ. ಹುಲ್ಲು ಎಳೆದು ತನ್ನಿ ಅಂತ ಪಾಳೇಗಾರ ಆಳು ಕಳಿಸಿದ. ಅವರೂ ರೈತರ ಮಕ್ಕಳೇ ತಾನೆ? ಗೆರೆಯ ತನಕ ಬಂದರು, ಮೆಟ್ಟು ಬಿಟ್ಟರು, ರಾಶಿಗೆ ಕೈಮುಗಿದು ವಾಪಸು ಹೋದರು.

ಕೊನೆಗೆ ಪಾಳೇಗಾರ ತಾನೇ ಬಂದ.

“ಅಳೀತೀಯೋ ಇಲ್ವೋ?”

“ಅಳೀತೀನಿ ಒಡೆಯಾ. ಗೂಟ ಕಿತ್ತ ಮೇಲೆ.”

“ತಲೆ ತೆಗೆಸ್ತೀನಿ.”

“ತೆಗೆಸಿ. ಆಮೇಲೆ ಲಾಭ ಅನ್ನೋ ಬಾಯಿ ಎಲ್ಲಿಂದ ತರ್ತೀರಿ?”

ಪಾಳೇಗಾರ ಸುತ್ತ ನೋಡಿದನಂತೆ. ಊರೆಲ್ಲ ಗೆರೆ ಸುತ್ತ ನಿಂತಿತ್ತು. ಅವನ ಜೊತೆ ಬಂದ ಆಳುಗಳೂ ಆಗಲೇ ಮೆಟ್ಟು ಬಿಟ್ಟು ಊರವರ ಜೊತೆ ನಿಂತಿದ್ದರು. ಅಷ್ಟರಲ್ಲಿ ಗುಡ್ಡದಾಚೆಯ ಗೋವಳರು, ಇನ್ನು ಕಾದರೆ ದನ ಸಾಯ್ತಾವೆ ಅಂತ ಹಿಂಡು ಹೊಡೆದುಕೊಂಡು ಬಂದ ದಾರಿ ಹಿಡಿದರಂತೆ. ದನವೇ ಇಲ್ಲದ ಮೇಲೆ ರೊಪ್ಪ ಯಾಕೆ? ಪಾಳೇಗಾರ ಗೂಟ ಕೀಳಿಸಿದ. ಕೊನೆಯ ಗೂಟ ಮೇಲೆ ಬಂದಾಗ ಗಾದ್ರಪ್ಪ ಕೊಳಗ ಎತ್ತಿದ. ಲಾಭ ಅಂತ ಅಳೆದ ಮೊದಲ ರಾಗಿಯನ್ನು ತಾನೇ ಹೊತ್ತು ಮಗಳ ಮನೆಗೆ ಓಡಿದನಂತೆ.

ಆ ದಿಣ್ಣೆ ಊರಿಗೆ ಬಲು ದೂರ. ಆದರೂ ಇವತ್ತಿಗೂ ನಮ್ಮ ಕಣ ಅಲ್ಲೇ. ರಾಶಿ ಪೂಜೆ ಆದ ಮೇಲೆ ಅಳೆಯುವವನು ಕೊಳಗ ಬೋರಲು ಹಾಕಿ, “ಗೂಟ ಕಿತ್ತರಾ?” ಅಂತ ಕೇಳ್ತಾನೆ. “ಕಿತ್ತರು” ಅಂತ ಊರೆಲ್ಲ ಕೂಗಬೇಕು. ಕೂಗು ಸಣ್ಣದಾದರೆ ಅವನು ಕೊಳಗ ಮುಟ್ಟೋದಿಲ್ಲ, ಮತ್ತೆ ಕೇಳ್ತಾನೆ. ಕೆರೆಯ ಆಚೆ ದಡದವರಿಗೆ ಕೇಳಿಸೋವರೆಗೆ ಕೇಳ್ತಾನೇ ಇರ್ತಾನೆ.